ಅಂಜಿದ ನಾಯಿ, ಕಚ್ಚುವ ನಾಯಿ

ರೋಣ, ನರಗುಂದದ ಎರೆಹೊಲಗಳಲ್ಲಿ ಕುರಿ ತರುಬುವ ಕುರುಬರ ನಾಯಿಮರಿ, ಕಣ್ಣು ಬಿಟ್ಟಾಗಿನಿಂದ ಕುರಿ, ಕೂಸು, ದಾರಿಹೋಕರು ಎಲ್ಲವನ್ನೂ ನೋಡುತ್ತ ಬೆಳೆಯುತ್ತದೆ. ಅಂಥದೇ ಮರಿಯನ್ನು ತಂದು ಗಜೇಂದ್ರಗಡದ ಪೇಟೆಮನೆಯ ಗೇಟಿಗೆ ಸರಪಳಿ ಹಾಕಿ ಬಿಟ್ಟರೆ ಅದು 'ಕಚ್ಚೋ ನಾಯಿ' ಆಗಲು ಬಹಳ ದಿನ ಬೇಕಿಲ್ಲ. ಇದಕ್ಕೆ ಬಡಿಗೆಯೇ ಮದ್ದು ಎಂಬ ನಂಬಿಕೆ ನಮ್ಮಲ್ಲಷ್ಟೇ ಇದ್ದದ್ದಲ್ಲ. 1910ರಲ್ಲಿ ಜರ್ಮನಿಯ ಕೊನ್ರಾಡ್ ಮೋಸ್ಟ್ ಬರೆದ ತರಬೇತಿ ಪುಸ್ತಕಕ್ಕೂ ಒತ್ತಾಯ, ಶಿಕ್ಷೆಗಳೇ ಮುಖ್ಯ ಆಧಾರ.

ಅದೇ ದಶಕದಲ್ಲಿ ರಷ್ಯಾದ ಪಾವ್ಲೋವ್ ಪ್ರಯೋಗಾಲಯ ಬೇರೆಯದನ್ನೇ ಕಂಡಿತು. ವೃತ್ತ ತೋರಿಸಿದರೆ ಊಟ, ದೀರ್ಘವೃತ್ತ ತೋರಿಸಿದರೆ ಇಲ್ಲ. ನಾಯಿ ಇದನ್ನು ಕಲಿತ ಮೇಲೆ ದೀರ್ಘವೃತ್ತವನ್ನು ಸ್ವಲ್ಪಸ್ವಲ್ಪವೇ ದುಂಡಗೆ ಮಾಡುತ್ತ ಹೋದರು. ಎರಡರ ಭೇದ ತಿಳಿಯದಂತಾದಾಗ, ಅಲ್ಲಿವರೆಗೆ ತೆಪ್ಪಗೆ ನಿಲ್ಲುತ್ತಿದ್ದ ನಾಯಿ ಕುಂಯ್‌ಗುಟ್ಟಿತು, ಒದ್ದಾಡಿತು, ಮೈಗೆ ಕಟ್ಟಿದ ಉಪಕರಣವನ್ನು ಹಲ್ಲಿನಿಂದ ಕಿತ್ತುಹಾಕಿತು. ಯಾರೂ ಹೊಡೆದಿರಲಿಲ್ಲ. ಮುಂದೇನಾಗುತ್ತದೆ ಎಂದು ತಿಳಿಯದ್ದೇ ಅದನ್ನು ಕೆಡಿಸಿತ್ತು. ಇವತ್ತು ಬಿಸ್ಕತ್ತು, ನಾಳೆ ಒದೆತ ಎನ್ನುವ ಮನೆಯ ನಾಯಿಯ ಪಾಡೂ ಇದೇ.

ಈ ತಿಳಿವಳಿಕೆ ನೆಟ್ಟಗೆ ಮುಂದುವರಿಯಲಿಲ್ಲ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ಸಂಶೋಧಕ, ಆವರಣದಲ್ಲಿ ಕೂಡಿಹಾಕಿದ ತೋಳಗಳು ಮೇಲುಗೈಗಾಗಿ ಕಾದಾಡುವುದನ್ನು ನೋಡಿ ಬರೆದದ್ದರಿಂದ, ನಾಯಿಗೆ ನಾವೇ 'ಯಜಮಾನ' ಆಗಬೇಕು ಎಂಬ ವಾದ ಬೆಳೆಯಿತು. 1970ರ ಪುಸ್ತಕದಲ್ಲಿ ತೋಳಗಳ ಈ 'ಯಜಮಾನಿಕೆ'ಯ ಮಾತನ್ನೇ ಹರಡಿದ್ದ ತೋಳತಜ್ಞ ಡೇವಿಡ್ ಮೀಚ್, ಕಾಡಿನ ತೋಳದ ಹಿಂಡೆಂದರೆ ತಂದೆ, ತಾಯಿ, ಮಕ್ಕಳ ಸಂಸಾರ ಎಂದು 1999ರಲ್ಲಿ ತಿದ್ದಿದರು. ಆದರೂ ನಾಯಿಯನ್ನು ನೆಲಕ್ಕೆ ಒತ್ತಿಹಿಡಿದು ಬುದ್ಧಿ ಕಲಿಸುವವರು ಇನ್ನೂ ಇದ್ದಾರೆ. ಅಂಥವರ ಕೈಗೆ ನಾಯಿಯನ್ನು ಕೊಡಲೇಬಾರದು.

ನಾಯಿಗಳ ವರ್ತನೆ ಅಧ್ಯಯನ ಮಾಡಿದ ಸ್ಕಾಟ್ ಮತ್ತು ಫುಲ್ಲರ್ 1965ರಲ್ಲಿ, ಮರಿಯ 3ರಿಂದ 12ನೇ ವಾರದವರೆಗಿನ ಕಾಲವೇ ಜನರ ಒಡನಾಟಕ್ಕೆ ಒಗ್ಗಲು ಮುಖ್ಯ ಎಂದು ತೋರಿಸಿದರು. ಕುರುಬರ ಹಟ್ಟಿಯಲ್ಲಿ ತಾನಾಗಿ ನಡೆಯುವುದು ಅದೇ. ಮನುಷ್ಯರಲ್ಲಿನ ಭಯ ಕಳೆಯಲೆಂದು ಮನೋವೈದ್ಯ ಜೋಸೆಫ್ ವೋಲ್ಪೆ 1950ರ ದಶಕದಲ್ಲಿ ರೂಪಿಸಿದ, ಅಂಜಿಸುವುದಕ್ಕೆ ಮೆಲ್ಲಮೆಲ್ಲಗೆ ಒಗ್ಗಿಸುವ ಚಿಕಿತ್ಸೆ ಮುಂದೆ ನಾಯಿಗೂ ಒದಗಿತು. ಒಂಟಿಯಾಗಿ ಬಿಟ್ಟರೆ ಕಂಗೆಡುವ ನಾಯಿಗೆ ಕೊಡುವ ಫ್ಲುಯಾಕ್ಸೆಟಿನ್ ಮಾತ್ರೆಗೆ ಅಮೆರಿಕ 2007ರಲ್ಲಿ ಒಪ್ಪಿಗೆ ಕೊಟ್ಟಿತು. ಅಭ್ಯಾಸ ತಿದ್ದದೆ ಬರೀ ಮಾತ್ರೆಯಿಂದ ಆಗುವುದು ಕಡಿಮೆ.

ಬೆಂಗಳೂರಿನಲ್ಲಿ ಸಿಂಧೂರ್ ಪಂಗಲ್ ಬೀದಿನಾಯಿಗಳ ದಿನಚರಿಯನ್ನೇ ಅಧ್ಯಯನ ಮಾಡಿ, ವರ್ತನೆ ತಿದ್ದುವವರನ್ನು ತರಬೇತು ಮಾಡಿದ್ದಾರೆ. ನಮ್ಮ ಭಾಗದಲ್ಲಿ ಗದಗಿನ ಪಶುವೈದ್ಯಕೀಯ ಕಾಲೇಜು, ಮುಧೋಳ ತಾಲ್ಲೂಕಿನ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರ ಇವೆ. ವರ್ತನಾ ತಜ್ಞರ ಸಲಹೆ ಈಗ ಮೊಬೈಲಿನಲ್ಲೂ ಸಿಗುತ್ತದೆ. ಬಲ್ಲವರು ಮೊದಲು ದನದ ದವಾಖಾನೆಗೆ ಕಳಿಸುತ್ತಾರೆ, ಏಕೆಂದರೆ ಕಿವಿಸೋರಿಕೆ, ಕೀಲುನೋವು ಇದ್ದ ನಾಯಿಯೂ ಮುಟ್ಟಿದರೆ ಕಚ್ಚುತ್ತದೆ. ಆಮೇಲೆ ವಿಡಿಯೋ ಕೇಳುತ್ತಾರೆ. ಬೊಗಳುವ ಮುನ್ನ ತುಟಿ ನೆಕ್ಕಿತೇ, ಮುಖ ತಿರುಗಿಸಿತೇ, ಮೈ ಬಿಗಿಯಿತೇ? ಬೈಕ್ ಕಂಡರೆ ಎಗರುವ ನಾಯಿಯಾದರೆ, ಬೈಕ್ ಕಂಡರೂ ಅದು ರೊಟ್ಟಿ ತಿನ್ನಬಲ್ಲಷ್ಟು ದೂರದಿಂದ ಅಭ್ಯಾಸ ಶುರು. ವಾರಗಟ್ಟಲೆ ಹಿಡಿಯುತ್ತದೆ. ಅಲ್ಲಿವರೆಗೆ ಬಾಯಿಗೆ ಬುಟ್ಟಿ ರೂಢಿಸಿ, ಗೇಟಿನಿಂದ ಒಳಗೆ ಇಡಬೇಕು.

2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು, ಸಂತಾನಹರಣ ಮತ್ತು ಲಸಿಕೆಯಾದ ಬೀದಿನಾಯಿಗಳನ್ನು ಹಿಡಿದಲ್ಲೇ ಬಿಡಬೇಕು, ರೇಬಿಸ್ ತಗುಲಿದ ಅಥವಾ ಆಕ್ರಮಣಕಾರಿ ನಾಯಿಗಳನ್ನು ಬಿಡಬಾರದು ಎಂದಿತು. ಯಾವುದು ಆಕ್ರಮಣಕಾರಿ, ಯಾವುದು ಬರೀ ಅಂಜಿದ್ದು ಎಂದು ಗುರುತಿಸುವ ಕಣ್ಣು ಈಗ ರೋಣ, ನರಗುಂದ, ಗಜೇಂದ್ರಗಡದ ಪುರಸಭೆಗಳಿಗೂ ಬೇಕಾಗಿದೆ.