ಏಡ್ಸ್ ಸ್ಮಾರಕ ಕೌದಿ

ಏಡ್ಸ್‌ನಿಂದ ತೀರಿಕೊಂಡವರ ನೆನಪಿಗೆ ಅಮೆರಿಕದಲ್ಲಿ ಆಪ್ತರೇ ಹೊಲಿದ, ಇಂದಿಗೂ ಬೆಳೆಯುತ್ತಿರುವ ಬೃಹತ್ ಜವಳಿ ಕಲಾಕೃತಿ. 1985ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಮೆರವಣಿಗೆಯೊಂದರಲ್ಲಿ, ಏಡ್ಸ್‌ನಿಂದ ಸತ್ತವರ ಹೆಸರು ಬರೆದ ಫಲಕಗಳನ್ನು ಫೆಡರಲ್ ಕಟ್ಟಡದ ಗೋಡೆಗೆ ಅಂಟಿಸಲಾಯಿತು. ಅದನ್ನು ಕಂಡ ಸಲಿಂಗಿ ಹಕ್ಕುಗಳ ಹೋರಾಟಗಾರ ಕ್ಲೀವ್ ಜೋನ್ಸ್‌ಗೆ ಕೌದಿಯ ಕಲ್ಪನೆ ಹೊಳೆಯಿತು.

ಪ್ರತಿ ತುಂಡು 3 ಅಡಿ ಅಗಲ, 6 ಅಡಿ ಉದ್ದ. ಸರಿಸುಮಾರು ಒಂದು ಗೋರಿಯಷ್ಟು. ಅದರ ಮೇಲೆ ಹೆಸರು. ಜೊತೆಗೆ ಸತ್ತವರ ಜೀನ್ಸ್, ಚರ್ಮದ ಜಾಕೆಟ್, ಪ್ರೇಮಪತ್ರ, ಮದುವೆಯುಂಗುರ, ಕೆಲವೆಡೆ ಚಿತಾಭಸ್ಮ ಕೂಡ. ಹಲವು ಕುಟುಂಬಗಳು ರೋಗದ ಹೆಸರನ್ನೇ ಮುಚ್ಚಿಡುತ್ತಿದ್ದ ಕಾಲದಲ್ಲಿ ಸಂಗಾತಿಯ ಹೆಸರನ್ನು ದಪ್ಪಕ್ಷರದಲ್ಲಿ ಹೊಲಿಯುವುದೇ ದಿಟ್ಟ ರಾಜಕೀಯ ನಡೆಯಾಗಿತ್ತು. ಹೆಂಗಸರ ಮನೆಗೆಲಸವೆಂದು ಕಲಾಲೋಕ ಬದಿಗಿಟ್ಟಿದ್ದ ಕಸೂತಿ, ತೇಪೆಗಳೇ ಇಲ್ಲಿ ಮಾತಾಡಿದವು. ಇದು ಕೇವಲ ಶೋಕ, ಪ್ರತಿಭಟನೆಯಲ್ಲ ಎಂಬ ಆಕ್ಷೇಪವೂ ಬಂತು. ಆದರೆ 1987ರ ಅಕ್ಟೋಬರ್ 11ರಂದು ವಾಷಿಂಗ್ಟನ್‌ನ ನ್ಯಾಷನಲ್ ಮಾಲ್‌ನಲ್ಲಿ, ಸಂಸತ್ ಭವನದ ಕಣ್ಣೆದುರಿಗೇ 1,920 ತುಂಡುಗಳನ್ನು ಹಾಸಿದ್ದನ್ನು ನೆನೆದರೆ ಆ ಆಕ್ಷೇಪ ನಿಲ್ಲದು.

ಇಡೀ ಕೌದಿ ಕೊನೆಯ ಬಾರಿ ಒಟ್ಟಿಗೆ ಪ್ರದರ್ಶನಗೊಂಡದ್ದು 1996ರಲ್ಲಿ. ಈಗ ಸುಮಾರು 50,000 ತುಂಡುಗಳಿದ್ದು, ತೂಕ 54 ಟನ್. ಸ್ಯಾನ್ ಫ್ರಾನ್ಸಿಸ್ಕೊದ ರಾಷ್ಟ್ರೀಯ ಏಡ್ಸ್ ಸ್ಮಾರಕ ಸಂಸ್ಥೆ ಇದನ್ನು ನೋಡಿಕೊಳ್ಳುತ್ತಿದೆ.