ಇಸ್ಸೇ, ನಿಸೇ ಮತ್ತು ಸಾನ್ಸೇ

ಇಸ್ಸೇ, ನಿಸೇ ಮತ್ತು ಸಾನ್ಸೇ ಎಂಬವು ಜಪಾನಿನಿಂದ ಅಮೆರಿಕಕ್ಕೆ ವಲಸೆ ಹೋದ ಕುಟುಂಬಗಳ ಮೊದಲ, ಎರಡನೆಯ ಮತ್ತು ಮೂರನೆಯ ತಲೆಮಾರುಗಳನ್ನು ಸೂಚಿಸುವ ಜಪಾನಿ ಪದಗಳು. ಇಚಿ, ನಿ, ಸಾನ್ ಎಂದರೆ ಒಂದು, ಎರಡು, ಮೂರು. 'ಸೇ' ಎಂದರೆ ತಲೆಮಾರು. ಎಣಿಕೆ ಕಡಲು ದಾಟಿ ಬಂದವರಿಂದ ಆರಂಭವಾಗುವುದರಿಂದ, ಅಮೆರಿಕದಲ್ಲಿ ಹುಟ್ಟಿದ ಮೊದಲ ಮಕ್ಕಳು ಎರಡನೆಯ ತಲೆಮಾರಿನವರು.

ಪೌರತ್ವದ ಪ್ರಶ್ನೆ

ಒಂದೇ ಮನೆಯೊಳಗೆ ಕಾನೂನು ಗೆರೆ ಎಳೆದಿತ್ತು. ಮಕ್ಕಳು ಹುಟ್ಟಿನಿಂದಲೇ ಅಮೆರಿಕದ ಪೌರರು. ತಂದೆತಾಯಿಯರು ಎಷ್ಟು ವರ್ಷ ನೆಲೆಸಿದರೂ ಪೌರತ್ವಕ್ಕೆ ಅನರ್ಹರು. ತಕಾವೊ ಒಜಾವಾ ಎಂಬವರು ಕ್ಯಾಲಿಫೋರ್ನಿಯಾದಲ್ಲಿ ಓದಿ, ಮನೆಯಲ್ಲಿಯೂ ಇಂಗ್ಲಿಷನ್ನೇ ಆಡುತ್ತಿದ್ದರು. ಆದರೂ ಅವರು ಬಿಳಿಯರಲ್ಲವೆಂಬ ಕಾರಣಕ್ಕೆ 1922ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರ ಮನವಿಯನ್ನು ತಳ್ಳಿಹಾಕಿತು. ಭಾಷೆ, ನಡೆನುಡಿಗಳಲ್ಲಿ ಬೆರೆತರೆ ಸಾಕೆಂಬ ನಂಬಿಕೆಗೆ ಇದು ದೊಡ್ಡ ಪೆಟ್ಟಾಯಿತು. ಕ್ಯಾಲಿಫೋರ್ನಿಯಾದ 1913ರ ಕಾಯಿದೆಯು ಇಂತಹ ಅನರ್ಹರು ಕೃಷಿಭೂಮಿ ಕೊಳ್ಳುವುದನ್ನು ನಿಷೇಧಿಸಿದ್ದರಿಂದ, ಅನೇಕ ಇಸ್ಸೇಗಳು ಮಕ್ಕಳ ಹೆಸರಿನಲ್ಲಿ ಜಮೀನು ಮಾಡಿದರು.

ಶಿಬಿರಗಳು ಮತ್ತು ನಿಷ್ಠೆಯ ಪರೀಕ್ಷೆ

ಪರ್ಲ್ ಹಾರ್ಬರ್ ದಾಳಿಯ ನಂತರ, 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಹೊರಡಿಸಿದ 9066ನೆಯ ಆದೇಶದ ಮೇರೆಗೆ ಸುಮಾರು 1,20,000 ಜನರನ್ನು ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನರು ಅಮೆರಿಕದ ಪೌರರೇ ಆಗಿದ್ದರು.

1943ರಲ್ಲಿ ಶಿಬಿರದ ವಯಸ್ಕರಿಗೆ ಒಂದು ಪ್ರಶ್ನಾವಳಿ ನೀಡಲಾಯಿತು. ಅದರ 28ನೆಯ ಪ್ರಶ್ನೆಯು ಜಪಾನಿನ ಚಕ್ರವರ್ತಿಗೆ ಸಲ್ಲಿಸುವ ನಿಷ್ಠೆಯನ್ನು ತ್ಯಜಿಸುವಿರಾ ಎಂದು ಕೇಳುತ್ತಿತ್ತು. ಹೌದೆಂದರೆ ಇಸ್ಸೇಗಳು ಯಾವ ದೇಶಕ್ಕೂ ಸೇರದವರಾಗುವ ಭಯವಿತ್ತು. ಅವರಿಗಾಗಿ ಈ ಪ್ರಶ್ನೆಯನ್ನು ಬಳಿಕ ಬದಲಿಸಬೇಕಾಯಿತು. ನಿಸೇಗಳ ತೊಡಕು ಬೇರೆ: ಎಂದೂ ಇಲ್ಲದ ನಿಷ್ಠೆಯನ್ನು ತ್ಯಜಿಸುವುದಾದರೂ ಹೇಗೆ? ಸೇನಾಸೇವೆಯ ಕುರಿತ 27ನೆಯ ಪ್ರಶ್ನೆಗೂ ಇದಕ್ಕೂ ಇಲ್ಲವೆಂದವರು 'ನೋ-ನೋ' ಎನಿಸಿಕೊಂಡರು. ಅವರಲ್ಲಿ ಹೆಚ್ಚಿನವರನ್ನು ಟೂಲಿ ಲೇಕ್ ಶಿಬಿರಕ್ಕೆ ಸಾಗಿಸಲಾಯಿತು. ಇತ್ತ ತಂದೆತಾಯಿ ಮುಳ್ಳುತಂತಿಯ ಒಳಗಿರುವಾಗಲೇ ಸೇನೆ ಸೇರಿದ ಯುವಕರು 442ನೆಯ ರೆಜಿಮೆಂಟಿನಲ್ಲಿ ಯುರೋಪಿನಲ್ಲಿ ಹೋರಾಡಿದರು. ಈ ಬಿರುಕು ಯುದ್ಧದ ನಂತರವೂ ಸಮುದಾಯದೊಳಗೆ ಉಳಿಯಿತು. ಜಾನ್ ಒಕಾಡಾ ಅವರ 1957ರ ಕಾದಂಬರಿ 'ನೋ-ನೋ ಬಾಯ್' ಇದನ್ನೇ ವಸ್ತುವಾಗಿಸಿಕೊಂಡಿದೆ.

ಮೂರನೆಯ ತಲೆಮಾರು

ಇಸ್ಸೇಗಳಿಗೆ ಪೌರತ್ವದ ಬಾಗಿಲು ತೆರೆದುದು 1952ರಲ್ಲಿ. ಮಕ್ಕಳು ಮರೆಯಬಯಸುವುದನ್ನು ಮೊಮ್ಮಕ್ಕಳು ನೆನೆಯಬಯಸುತ್ತಾರೆಂದು ಇತಿಹಾಸಕಾರ ಮಾರ್ಕಸ್ ಲೀ ಹ್ಯಾನ್ಸನ್ 1938ರಲ್ಲಿ ವಾದಿಸಿದ್ದರು. ಆದರೆ ನಿಸೇಗಳ ಮೌನವನ್ನು ಕೇವಲ ಮರೆವಿನ ಬಯಕೆ ಎನ್ನಲಾಗದು. ಜಪಾನಿತನವೇ ಅಪರಾಧವೆನಿಸಿದ್ದ ಅನುಭವ ಅದರ ಹಿಂದಿತ್ತು. 1970ರ ದಶಕದಲ್ಲಿ ಪರಿಹಾರದ ಬೇಡಿಕೆ ಬಲಗೊಂಡಾಗ ಅನೇಕ ಸಾನ್ಸೇಗಳು ಹಿರಿಯ ನಿಸೇಗಳೊಂದಿಗೆ ದುಡಿದರು. 1988ರ ಕಾಯಿದೆಯು ಅಧಿಕೃತವಾಗಿ ಕ್ಷಮೆ ಕೋರಿ, ತಲಾ 20,000 ಡಾಲರ್ ಪರಿಹಾರ ಘೋಷಿಸಿತು. ಕಾಯಿದೆಗೆ ಸಹಿ ಬಿದ್ದ ದಿನ ಬದುಕಿದ್ದವರು ಮಾತ್ರ ಇದಕ್ಕೆ ಅರ್ಹರಾಗಿದ್ದರು. ಅಷ್ಟರಲ್ಲಿ ಇಸ್ಸೇಗಳಲ್ಲಿ ಬಹುಪಾಲು ಜನ ತೀರಿಕೊಂಡಿದ್ದರು.