ಕನ್ನಡ ಟಿವಿಯ ರಾತ್ರಿ ವೇಳಾಪಟ್ಟಿ ಮತ್ತು ಮಾತುಕತೆ ಕಾರ್ಯಕ್ರಮಗಳು

ರಾತ್ರಿ ಒಂಬತ್ತರ ನಂತರ ಯಾವ ಕಾರ್ಯಕ್ರಮ ಎಷ್ಟು ಗಂಟೆಗೆ ಬರಬೇಕು ಎಂದು ಟಿವಿ ವಾಹಿನಿಗಳು ಮಾಡಿಕೊಳ್ಳುವ ಏರ್ಪಾಡೇ ರಾತ್ರಿ ವೇಳಾಪಟ್ಟಿ. ಅಮೆರಿಕದಲ್ಲಿ ಇದರ ನಡುಗಂಬ ರಾತ್ರಿ ಹನ್ನೊಂದೂವರೆಯ ಟಾಕ್ ಶೋ. ಕನ್ನಡದಲ್ಲಿ ಹಾಗಲ್ಲ. ಇಲ್ಲಿ ವಾಹಿನಿಗಳ ಪೈಪೋಟಿ ಹತ್ತೂವರೆ, ಹನ್ನೊಂದಕ್ಕೆ ಮುಗಿದುಹೋಗುತ್ತದೆ. ಮಾತುಕತೆಯ ಕಾರ್ಯಕ್ರಮಗಳು ಬೆಳೆದದ್ದು ಶನಿವಾರ, ಭಾನುವಾರದ ರಾತ್ರಿಗಳಲ್ಲಿ. ಅವು ಬಂದಾಗಲೆಲ್ಲ ಸುತ್ತಲಿನ ಕಾರ್ಯಕ್ರಮಗಳು ಹಿಂದೆ ಮುಂದೆ ಸರಿಯಬೇಕಾಯಿತು. ಬೆಂಗಳೂರಿನ ಸ್ಟುಡಿಯೊಗಳಲ್ಲಿ ತಯಾರಾಗುವ ಈ ವೇಳಾಪಟ್ಟಿ ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಮನೆಗಳನ್ನು ಮುಟ್ಟಿದ ಬಗೆ ಬೇರೆಯದೇ. ಇಲ್ಲಿನ ರಾತ್ರಿಗೆ ಅದರದೇ ಮಾತಿನ ಪರಂಪರೆ ಇತ್ತು, ಮರಾಠಿ ವಾಹಿನಿಗಳ ನೆರೆಯಿತ್ತು, ದುಡಿಮೆಯ ಹೊತ್ತೂ ರಾಜಧಾನಿಯದಕ್ಕೆ ಹೊಂದುತ್ತಿರಲಿಲ್ಲ.

ಟಿವಿಗೆ ಮೊದಲಿನ ರಾತ್ರಿ

ಗೋಕಾಕ ಸೀಮೆಯಲ್ಲಿ ರಾತ್ರಿಯ ಮನರಂಜನೆ ಎಂದರೆ ಆಟ. ಜಾತ್ರೆ, ಹಬ್ಬಗಳಲ್ಲಿ ಊಟ ಮುಗಿದ ಮೇಲೆ ಶುರುವಾಗುವ ಶ್ರೀಕೃಷ್ಣ ಪಾರಿಜಾತ ಬೆಳಗಿನ ಜಾವದವರೆಗೆ ನಡೆಯುತ್ತಿತ್ತು. ಈ ಆಟಕ್ಕೆ ಈಗಿನ ರಂಗರೂಪ ಕೊಟ್ಟವನೆಂದು ಹೇಳಲಾಗುವ ಕುಲಗೋಡ ತಮ್ಮಣ್ಣ ಇದೇ ಸೀಮೆಯವನು. ಇದರಲ್ಲಿ ಹೆಸರು ಮಾಡಿದ ಕಲಾವಿದೆ ಕೌಜಲಗಿ ನಿಂಗಮ್ಮನೂ ಇಲ್ಲಿಯವಳೇ. ಸತ್ಯಭಾಮೆ, ರುಕ್ಮಿಣಿಯರ ಕಥೆ ಎಷ್ಟು ಮುಖ್ಯವೋ ಭಾಗವತ ಮತ್ತು ದೂತಿಯ ಮಾತಿನ ಚಕಮಕಿಯೂ ಅಷ್ಟೇ ಮುಖ್ಯ. ಭಾಗವತ ಪಾತ್ರಗಳನ್ನು ನಿಲ್ಲಿಸಿ ಕೇಳುತ್ತಾನೆ, ಕೆಣಕುತ್ತಾನೆ, ಊರಿನ ಆಗುಹೋಗುಗಳನ್ನು ನಡುವೆ ತರುತ್ತಾನೆ. ಪಾತ್ರವೂ ಅಲ್ಲೇ ಹುಟ್ಟಿದ ಮಾತಿನಿಂದ ಉತ್ತರ ಕೊಡುತ್ತದೆ. ಟಾಕ್ ಶೋದ ನಿರೂಪಕ ಮಾಡುವ ಕೆಲಸವನ್ನು ಬಯಲು ರಂಗದ ಮೇಲೆ ಭಾಗವತ ಬಹಳ ಹಿಂದೆಯೇ ಮಾಡುತ್ತಿದ್ದ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನೇ ತಮ್ಮ ಸಂಶೋಧನೆಯ ವಿಷಯ ಮಾಡಿಕೊಂಡರು. ಅವರ ನಾಟಕಗಳ ಸಂಭಾಷಣೆಯ ಬೇರು ಈ ರಾತ್ರಿಗಳಲ್ಲಿದೆ.

ಟಿವಿ ಹಳ್ಳಿಗೆ ಬರಲು ಮೊದಲು ಕರೆಂಟು ಬರಬೇಕು. ಈ ವಿಷಯದಲ್ಲಿ ಹುಕ್ಕೇರಿ ಮುಂದಿತ್ತು. ದೇಶದಲ್ಲಿ ಪ್ರಯೋಗವಾಗಿ ಆರಂಭವಾದ ಐದು ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲಿ ಒಂದು 1969ರಲ್ಲಿ ಹುಕ್ಕೇರಿಯಲ್ಲಿ ಹುಟ್ಟಿತು. ಕರ್ನಾಟಕದಲ್ಲಿ ಇಂಥದ್ದು ಇದೊಂದೇ. ಆದರೆ ತಂತಿ ಬಂದ ಮಾತ್ರಕ್ಕೆ ರಾತ್ರಿ ಪೂರ್ತಿ ದೀಪ ಉರಿಯುತ್ತಿರಲಿಲ್ಲ. ಪಂಪ್‌ಸೆಟ್‌ಗಳಿಗೂ ಮನೆಗಳಿಗೂ ಒಂದೇ ಮಾರ್ಗದಿಂದ ವಿದ್ಯುತ್ ಹೋಗುತ್ತಿದ್ದ ವರ್ಷಗಳಲ್ಲಿ ಧಾರಾವಾಹಿಯ ನಡುವೆಯೇ ಕರೆಂಟು ಹೋಗುವುದು ದಿನದ ಮಾತಾಗಿತ್ತು. ಮನೆಯ ಮಾರ್ಗವನ್ನು ಹೊಲದ ಮಾರ್ಗದಿಂದ ಬೇರ್ಪಡಿಸುವ ನಿರಂತರ ಜ್ಯೋತಿ ಯೋಜನೆ ಬಂದ ಮೇಲೆಯೇ ಹಳ್ಳಿಯ ಮನೆ ರಾತ್ರಿ ಹತ್ತರ ಕಾರ್ಯಕ್ರಮವನ್ನು ನಂಬಿ ಕೂರುವಂತಾಯಿತು.

ದೆಹಲಿಯ ಪಾಲಾದ ರಾತ್ರಿ

ಕರ್ನಾಟಕದ ಹಳ್ಳಿಗಳು ಟಿವಿ ಕಂಡದ್ದು 1975–76ರ ಉಪಗ್ರಹ ಪ್ರಯೋಗದಲ್ಲಿ. ಆಗ ಆಯ್ಕೆಯಾದವು ವಿಜಯಪುರ, ಕಲಬುರಗಿ, ರಾಯಚೂರು ಜಿಲ್ಲೆಗಳು, ಬೆಳಗಾವಿಯಲ್ಲ. ಬೆಂಗಳೂರು ದೂರದರ್ಶನ 1981ರ ನವೆಂಬರ್ 1ರಂದು ಆರಂಭವಾಯಿತು. ಮರುವರ್ಷ, 1982ರ ಆಗಸ್ಟ್ 15ರಿಂದ, ದೆಹಲಿಯ ರಾಷ್ಟ್ರೀಯ ಕಾರ್ಯಕ್ರಮ ಬಂತು. ರಾತ್ರಿ ಎಂಟೂವರೆಯ ಸುಮಾರಿಗೆ ಎಲ್ಲ ರಾಜ್ಯಗಳ ಕೇಂದ್ರಗಳೂ ತಮ್ಮ ಭಾಷೆಯನ್ನು ನಿಲ್ಲಿಸಿ ಹಿಂದಿ, ಇಂಗ್ಲಿಷ್ ಕಾರ್ಯಕ್ರಮಗಳಿಗೆ ಪರದೆ ಬಿಟ್ಟುಕೊಡಬೇಕಾಯಿತು. ಮನೆಮಂದಿ ಕೆಲಸ ಮುಗಿಸಿ, ಉಂಡು ಕೂರುವ ಹೊತ್ತು ಅದೇ. ಕನ್ನಡ ಟಿವಿಯ ಚರಿತ್ರೆ ಬರೆಯುವವರು ಈ ಒಂದು ಸಂಗತಿಗೆ ಕೊಡಬೇಕಾದಷ್ಟು ತೂಕ ಕೊಟ್ಟಿಲ್ಲ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಟಿವಿಯ ಪರದೆಯ ಮೇಲೆ ಕನ್ನಡಕ್ಕೆ ಸಂಜೆಯಿತ್ತು, ರಾತ್ರಿ ಇರಲಿಲ್ಲ. ರಾತ್ರಿಯೇ ಇಲ್ಲದ ಭಾಷೆಯಲ್ಲಿ ರಾತ್ರಿಯ ಟಾಕ್ ಶೋ ಬೆಳೆಯುವುದಾದರೂ ಹೇಗೆ?

ರಾತ್ರಿಯನ್ನು ಕನ್ನಡಕ್ಕೆ ಹಿಂದಿರುಗಿಸಿದ್ದು ಖಾಸಗಿ ವಾಹಿನಿಗಳು. 1994ರ ಜೂನ್‌ನಲ್ಲಿ ಉದಯ ಟಿವಿ, 2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ, 2007ರಲ್ಲಿ ಸುವರ್ಣ ಮತ್ತು ಕಸ್ತೂರಿ ಬಂದವು. ಉದಯದಲ್ಲಿ ಹಿರೇಮಗಳೂರು ಕಣ್ಣನ್ ನಡೆಸಿದ ‘ಹರಟೆ’ ಕನ್ನಡದ ನೆಲದಲ್ಲೇ ಹುಟ್ಟಿದ ಮಾತುಕತೆಯ ಕಾರ್ಯಕ್ರಮ. ಒಂದು ವಿಷಯ, ಎರಡು ಪಕ್ಷ, ನಡುವೆ ತೀರ್ಪು ಕೊಡುವ ಹಿರಿಯ. ಹೊರದೇಶದ ಯಾವ ಅಚ್ಚೂ ಅದಕ್ಕೆ ಬೇಕಾಗಲಿಲ್ಲ. ರಮೇಶ್ ಅರವಿಂದ್ ಅವರು ‘ಪ್ರೀತಿಯಿಂದ ರಮೇಶ್’, ‘ರಾಜಾ ರಾಣಿ ರಮೇಶ್’ ಕಾರ್ಯಕ್ರಮಗಳಲ್ಲಿ ಸೋಫಾದ ಮೇಲೆ ಕುಳಿತು ಮಾತಾಡಿಸುವ ರೀತಿಯನ್ನು ಬಳಕೆಗೆ ತಂದರು. ದೂರದರ್ಶನದ ಚಂದನ ಕೂಡ ಸುಮ್ಮನಿರಲಿಲ್ಲ. 2002ರ ಜನವರಿಯಲ್ಲಿ ಆರಂಭವಾದ ಡಾ. ನಾ. ಸೋಮೇಶ್ವರರ ‘ಥಟ್ ಅಂತ ಹೇಳಿ’ ರಾತ್ರಿ ಒಂಬತ್ತೂವರೆಯ ಹೊತ್ತಿನಲ್ಲಿ ನೆಲೆನಿಂತು ಮೂರು ಸಾವಿರ ಸಂಚಿಕೆ ದಾಟಿತು. ಅದು ರಸಪ್ರಶ್ನೆ; ಸರಿಯುತ್ತರಕ್ಕೆ ಸಿಗುವುದು ಪುಸ್ತಕ. ಸುತ್ತಲಿನ ವಾಹಿನಿಗಳು ಅದೇ ಹೊತ್ತಿಗೆ ಏನನ್ನೇ ತಂದರೂ ಅದಕ್ಕೆ ತನ್ನ ನೋಡುಗರಿದ್ದಾರೆ.

2014–16: ವಾರಾಂತ್ಯದ ಪೈಪೋಟಿ

2012ರ ಮಾರ್ಚ್‌ನಲ್ಲಿ ಸುವರ್ಣ ವಾಹಿನಿ ಪುನೀತ್ ರಾಜ್‌ಕುಮಾರ್ ಅವರ ‘ಕನ್ನಡದ ಕೋಟ್ಯಧಿಪತಿ’ಯನ್ನು ತಂದಾಗಲೇ ರಾತ್ರಿಯ ಕಾರ್ಯಕ್ರಮಕ್ಕೆ ತಾರೆಯೊಬ್ಬರು ಬೇಕು ಎಂಬ ಲೆಕ್ಕ ಶುರುವಾಗಿತ್ತು. ಸ್ಪರ್ಧಿಯ ಊರು, ಮನೆ, ಕಷ್ಟಗಳನ್ನು ಪುನೀತ್ ಕೇಳುತ್ತಿದ್ದ ಬಗೆಯಲ್ಲಿ ಆಟದಷ್ಟೇ ಮಾತುಕತೆಯೂ ಇತ್ತು. 2013ರ ಮಾರ್ಚ್‌ನಲ್ಲಿ ಈಟಿವಿ ಕನ್ನಡದಲ್ಲಿ ಸುದೀಪ್ ನಿರೂಪಣೆಯ ‘ಬಿಗ್ ಬಾಸ್’ ಬಂತು. 2014ರ ಆಗಸ್ಟ್‌ನಲ್ಲಿ ಜೀ ಕನ್ನಡ ‘ವೀಕೆಂಡ್ ವಿತ್ ರಮೇಶ್’ ಆರಂಭಿಸಿತು. ಮೊದಲ ಅತಿಥಿ ಪುನೀತ್. ಕೆಂಪು ಕುರ್ಚಿಯಲ್ಲಿ ಸಾಧಕರೊಬ್ಬರನ್ನು ಕೂರಿಸಿ, ಅವರ ಗುರುಗಳನ್ನು, ಬಾಲ್ಯದ ಗೆಳೆಯರನ್ನು, ಬಂಧುಗಳನ್ನು ಒಬ್ಬೊಬ್ಬರಾಗಿ ಕರೆತರುವ ಅದರ ಕ್ರಮ ಕನ್ನಡದ ಮನೆಗಳಿಗೆ ತಕ್ಷಣ ಹಿಡಿಸಿತು. 2015ರ ಫೆಬ್ರುವರಿಯಲ್ಲಿ ಸೃಜನ್ ಲೋಕೇಶ್ ‘ಮಜಾ ಟಾಕೀಸ್’ ತಂದರು. ಒಂದು ಮನೆ, ಅದರ ಸುತ್ತ ಹಾಸ್ಯಪಾತ್ರಗಳು, ಸಿನಿಮಾದವರು ಅತಿಥಿಗಳು. ಎರಡು ವರ್ಷ ಮೊದಲು ಹಿಂದಿಯಲ್ಲಿ ಕಪಿಲ್ ಶರ್ಮಾ ಗೆದ್ದ ಅಚ್ಚು ಇದು. ‘ವರಲಕ್ಷ್ಮಿ’ಯ ಪಾತ್ರದಲ್ಲಿ ಅಪರ್ಣಾ ಮಾಡಿದ ಹಾಸ್ಯ, ಅಚ್ಚಗನ್ನಡದ ನಿರೂಪಣೆಗೆ ಹೆಸರಾದವರ ಇನ್ನೊಂದು ಮುಖವನ್ನು ನಾಡಿಗೆ ತೋರಿಸಿತು.

ಪೈಪೋಟಿ ತಾರಕಕ್ಕೇರಿದ್ದು 2015ರ ಕೊನೆಯಲ್ಲಿ. ಆ ಏಪ್ರಿಲ್‌ನಲ್ಲಿ ಈಟಿವಿ ಕನ್ನಡ ಕಲರ್ಸ್ ಕನ್ನಡವಾಗಿತ್ತು. ಅಕ್ಟೋಬರ್ 25ರಿಂದ ಅಲ್ಲಿ ‘ಬಿಗ್ ಬಾಸ್’ ಮೂರನೇ ಆವೃತ್ತಿ ನಡೆಯುತ್ತಿತ್ತು. ಡಿಸೆಂಬರ್ 26ಕ್ಕೆ ಜೀ ಕನ್ನಡ ‘ವೀಕೆಂಡ್ ವಿತ್ ರಮೇಶ್’ ಎರಡನೇ ಆವೃತ್ತಿಯನ್ನು ಇಳಿಸಿತು. ಒಂದೇ ವಾರಾಂತ್ಯದಲ್ಲಿ ಒಂದು ಕಡೆ ಸುದೀಪ್, ಇನ್ನೊಂದು ಕಡೆ ರಮೇಶ್. ‘ಬಿಗ್ ಬಾಸ್’ ಮನೆಯ ಜಗಳ ವಾರದ ದಿನಗಳದು. ಶನಿವಾರ ಸುದೀಪ್ ವೇದಿಕೆಗೆ ಬಂದು ವಾರದ ಲೆಕ್ಕ ಕೇಳುವ ‘ವಾರದ ಕಥೆ ಕಿಚ್ಚನ ಜೊತೆ’ ನಿಜವಾಗಿ ಒಂದು ಟಾಕ್ ಶೋ. ಕನ್ನಡದ ಅತಿ ಯಶಸ್ವಿ ಟಾಕ್ ಶೋ ರಿಯಾಲಿಟಿ ಆಟದ ಹೊಟ್ಟೆಯೊಳಗೇ ಅಡಗಿ ಕುಳಿತಿದೆ ಎನ್ನುವುದು ಈ ಲೇಖಕನ ಅಭಿಪ್ರಾಯ.

ಅದೇ ಅಕ್ಟೋಬರ್‌ನಲ್ಲಿ ಇನ್ನೊಂದು ಬದಲಾವಣೆಯೂ ಆಯಿತು. ಯಾವ ಕಾರ್ಯಕ್ರಮಕ್ಕೆ ಎಷ್ಟು ನೋಡುಗರು ಎಂಬ ಟ್ಯಾಮ್ ಸಂಸ್ಥೆಯ ಅಳತೆ (ಟಿಆರ್‌ಪಿ) ಅಲ್ಲಿಯವರೆಗೆ ನಗರ, ಪಟ್ಟಣಗಳಿಗೆ ಸೀಮಿತವಾಗಿತ್ತು. 2015ರಲ್ಲಿ ಅಳತೆ ಶುರು ಮಾಡಿದ ಬಾರ್ಕ್ ಸಂಸ್ಥೆ ಅಕ್ಟೋಬರ್‌ನಿಂದ ಹಳ್ಳಿಯ ಮನೆಗಳನ್ನೂ ಲೆಕ್ಕಕ್ಕೆ ಸೇರಿಸಿತು. ಟಿಆರ್‌ಪಿ ಇಲ್ಲದ ಕಡೆ ಜಾಹೀರಾತಿನ ದರವೂ ಇಲ್ಲ. ಆದ್ದರಿಂದ ಅದುವರೆಗೆ ಗೋಕಾಕ ಸೀಮೆಯ ಘಟಪ್ರಭಾ ನದಿಯ ದಂಡೆಯ ಹಳ್ಳಿಗಳು ಎಷ್ಟು ನೋಡಿದರೂ ವೇಳಾಪಟ್ಟಿಯ ಮಟ್ಟಿಗೆ ನೋಡುಗರೇ ಅಲ್ಲ. ಬೆಂಗಳೂರಿನಲ್ಲಿ ಟ್ರಾಫಿಕ್ ದಾಟಿ ಮನೆ ಸೇರುವ ಹೊತ್ತು ಟಿವಿಯ ಮುಖ್ಯ ಹೊತ್ತಾಗಿತ್ತು. ಕಬ್ಬು ನುರಿಸುವ ಹಂಗಾಮಿನಲ್ಲಿ ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವವರ, ಗೋಕಾಕ ಮಿಲ್ಲಿನ ಪಾಳಿಯ ಕೆಲಸಗಾರರ, ಮೂರು ಫೇಸ್ ಕರೆಂಟಿಗಾಗಿ ಕಾದು ನೀರು ಹಾಯಿಸುವ ರೈತರ ಗಡಿಯಾರ ಅದಲ್ಲ.

ವೇಳೆ ಸರಿದಾಟ

ದೊಡ್ಡ ಕಾರ್ಯಕ್ರಮವೊಂದು ರಾತ್ರಿ ಒಂಬತ್ತಕ್ಕೆ ಬಂದರೆ ಆ ಹೊತ್ತಿನ ಧಾರಾವಾಹಿ ಸಂಜೆಗೆ ಹೋಗಬೇಕು, ಹತ್ತಕ್ಕೆ ಜಾರಬೇಕು ಅಥವಾ ಮುಗಿಯಬೇಕು. ಸರಿದ ಧಾರಾವಾಹಿಯ ಜೊತೆ ನೋಡುಗರೂ ಸರಿಯುತ್ತಾರೆ ಎಂಬ ಖಾತ್ರಿಯಿಲ್ಲ. ಈ ತೊಂದರೆಗೆ ಕಲರ್ಸ್ ಕಂಡುಕೊಂಡ ಉಪಾಯ ಗಮನಿಸುವಂಥದ್ದು. 2016ರ ಜುಲೈನಲ್ಲಿ ಆರಂಭವಾದ ಕಲರ್ಸ್ ಸೂಪರ್ ಎಂಬ ಎರಡನೇ ವಾಹಿನಿಗೆ ಅದು ‘ಬಿಗ್ ಬಾಸ್’ನ ಐದು ಮತ್ತು ಆರನೇ ಆವೃತ್ತಿಗಳನ್ನು (2017, 2018) ಕಳಿಸಿತು. ಮೊದಲ ವಾಹಿನಿಯ ಧಾರಾವಾಹಿಗಳು ಅಲುಗಾಡಲಿಲ್ಲ, ಹೊಸ ವಾಹಿನಿಗೆ ಹೆಸರು ಬಂತು. ಅಕುಲ್ ಬಾಲಾಜಿಯ ‘ಸೂಪರ್ ಟಾಕ್ ಟೈಮ್’ ಬಂದದ್ದೂ ಅಲ್ಲಿಯೇ. 2019ರಲ್ಲಿ ಏಳನೇ ಆವೃತ್ತಿ ಕಲರ್ಸ್ ಕನ್ನಡಕ್ಕೆ ಮರಳಿತು. 2021ರ ಎಂಟನೆಯ ಹೊತ್ತಿಗೆ ವಾರದ ದಿನಗಳ ಸಂಚಿಕೆ ಒಂಬತ್ತೂವರೆಗೆ ಸರಿಯಿತು. ಮುಖ್ಯ ಧಾರಾವಾಹಿಗಳನ್ನು ಉಳಿಸಿಕೊಂಡು ರಾತ್ರಿಯನ್ನು ಅರ್ಧ ಗಂಟೆ ಉದ್ದ ಮಾಡುವ ಈ ದಾರಿ ಮುಂದಿನ ಆವೃತ್ತಿಗಳಲ್ಲೂ ಉಳಿಯಿತು.

ಒಂಬತ್ತರ ಹೊತ್ತಿಗೆ ಇನ್ನೊಂದು ಬಗೆಯ ಮಾತುಗಾರರೂ ಬಂದಿದ್ದರು. 2006ರ ಟಿವಿ9, 2008ರ ಸುವರ್ಣ ನ್ಯೂಸ್, 2012ರ ಪಬ್ಲಿಕ್ ಟಿವಿ ರಾತ್ರಿಯನ್ನು ಚರ್ಚೆಯಿಂದ ತುಂಬಿದವು. ಎಚ್.ಆರ್. ರಂಗನಾಥ್ ಒಂಬತ್ತಕ್ಕೆ ಓದುವ ‘ಬಿಗ್ ಬುಲೆಟಿನ್’ ಸುದ್ದಿಯಾದರೂ ಅದರ ಸೆಳೆತ ನಿರೂಪಕನ ಮಾತಿನದು. ಅನೇಕ ಮನೆಗಳಲ್ಲಿ ರಿಮೋಟಿನ ಜಗಳ ಎರಡು ಧಾರಾವಾಹಿಗಳ ನಡುವಿನದಾಗಿರದೆ ಧಾರಾವಾಹಿಗೂ ಸುದ್ದಿಗೂ ನಡುವಿನದಾಯಿತು.

ಹುಕ್ಕೇರಿ, ಸಂಕೇಶ್ವರದ ಕಡೆ ಈ ಪೈಪೋಟಿಗೆ ಮೂರನೆಯ ಪಾಲುದಾರ ಮರಾಠಿ. ಗಡಿಯ ಕೇಬಲ್ ಜಾಲಗಳಲ್ಲಿ ಎರಡೂ ಭಾಷೆಯ ವಾಹಿನಿಗಳು ಸಿಗುತ್ತವೆ, ಎರಡನ್ನೂ ಬಲ್ಲ ಮನೆಗಳು ಬೇಕಾದಷ್ಟಿವೆ. 2014ರ ಆಗಸ್ಟ್‌ನಲ್ಲಿ ಜೀ ಮರಾಠಿಯಲ್ಲಿ ನಿಲೇಶ್ ಸಾಬಳೆ ಆರಂಭಿಸಿದ ‘ಚಲಾ ಹವಾ ಯೇವೂ ದ್ಯಾ’ ಸೋಮವಾರ, ಮಂಗಳವಾರದ ರಾತ್ರಿ ಒಂಬತ್ತೂವರೆಯನ್ನೇ ಹಾಸ್ಯದ ಮಾತುಕತೆಗೆ ಕೊಟ್ಟಿತು. ಕನ್ನಡ ವಾಹಿನಿಗಳು ಇಂಥ ಕಾರ್ಯಕ್ರಮಗಳನ್ನು ವಾರಾಂತ್ಯಕ್ಕೆ ಎತ್ತಿಟ್ಟಿದ್ದಾಗ ವಾರದ ಮೊದಲ ದಿನಗಳಲ್ಲಿ ಅವುಗಳ ರುಚಿ ತೋರಿಸಿದ್ದು ಮರಾಠಿ. 2019ರ ಫೆಬ್ರುವರಿಯಿಂದ ಬಂದ ಹೊಸ ದರ ನಿಯಮದಲ್ಲಿ ವಾಹಿನಿಗಳನ್ನು ಆರಿಸಿ ದುಡ್ಡು ಕೊಡಬೇಕಾದಾಗ ಗಡಿಯ ಮನೆಗಳು ಯಾವ ಭಾಷೆಯ ಗುಚ್ಛ ತೆಗೆದುಕೊಳ್ಳಬೇಕೆಂದು ಲೆಕ್ಕ ಹಾಕಬೇಕಾಯಿತು.

ಅಮೆರಿಕದ ಹಳೆಯ ಜಗಳ

ಹೊರಗಿನ ಒಂದು ಪ್ರಕರಣ ಇಲ್ಲಿ ಹೋಲಿಕೆಗೆ ತಕ್ಕದ್ದು. ಎನ್‌ಬಿಸಿಯ ‘ಟುನೈಟ್ ಶೋ’ವನ್ನು ಜಾನಿ ಕಾರ್ಸನ್ 1962ರಿಂದ 1992ರವರೆಗೆ ನಡೆಸಿದರು. ಅವರ ನಂತರದ ಕುರ್ಚಿ ಜೇ ಲೆನೊಗೆ ಸಿಕ್ಕಿದಾಗ ಡೇವಿಡ್ ಲೆಟರ್‌ಮನ್ 1993ರಲ್ಲಿ ಸಿಬಿಎಸ್‌ಗೆ ಹೋಗಿ ಅದೇ ಹೊತ್ತಿಗೆ ಎದುರು ನಿಂತರು. ‘ಟುನೈಟ್ ಶೋ’ ಕೊನನ್ ಒಬ್ರಯನ್ ಕೈಗೆ ಹೋದ ಮೇಲೆ, 2009ರ ಸೆಪ್ಟೆಂಬರ್‌ನಲ್ಲಿ, ಎನ್‌ಬಿಸಿ ಲೆನೊ ಅವರ ಹೊಸ ಕಾರ್ಯಕ್ರಮವನ್ನು ರಾತ್ರಿ ಹತ್ತಕ್ಕೆ ಹಾಕಿತು. ಅದಕ್ಕೆ ನೋಡುಗರು ಕಡಿಮೆಯಾದ್ದರಿಂದ ಅದರ ಬೆನ್ನಿಗಿದ್ದ ಸ್ಥಳೀಯ ಸುದ್ದಿಗೂ ಪೆಟ್ಟುಬಿತ್ತು. ಸ್ಥಳೀಯ ಕೇಂದ್ರಗಳು ದೂರಿದವು. ಲೆನೊವನ್ನು ಹನ್ನೊಂದೂ ಮೂವತ್ತೈದಕ್ಕೂ ಕೊನನ್ ಒಬ್ರಯನ್ ಅವರ ‘ಟುನೈಟ್ ಶೋ’ವನ್ನು ಹನ್ನೆರಡೂ ಐದಕ್ಕೂ ಸರಿಸಲು ಸಂಸ್ಥೆ ಹೊರಟಾಗ ಕೊನನ್ ಒಪ್ಪದೆ 2010ರ ಜನವರಿಯಲ್ಲಿ ಹೊರಬಂದರು. ಅರ್ಧ ಗಂಟೆಯ ಸರಿದಾಟಕ್ಕಾಗಿ ಒಂದು ಕಾರ್ಯಕ್ರಮದ ನಿರೂಪಕನೇ ಹೋದ ಪ್ರಸಂಗ ಇದು. ಅಲ್ಲಿ ಸ್ಥಳೀಯ ಕೇಂದ್ರಗಳಿಗೆ ದನಿಯಿತ್ತು ಎನ್ನುವುದೇ ನಮಗೂ ಅವರಿಗೂ ಇರುವ ದೊಡ್ಡ ವ್ಯತ್ಯಾಸ. ಬೆಳಗಾವಿಯ ಕೇಬಲ್‌ನವರು ದೂರಿದರೆಂದು ಬೆಂಗಳೂರಿನ ವೇಳಾಪಟ್ಟಿ ಬದಲಾಗುವ ಏರ್ಪಾಡು ಇಲ್ಲಿಲ್ಲ. ಈಗ ಅಲ್ಲಿಯೂ ತಡರಾತ್ರಿಯ ಟಾಕ್ ಶೋ ಸೊರಗುತ್ತಿದೆ; ಸ್ಟೀಫನ್ ಕೋಲ್ಬರ್ಟ್ ಅವರ ‘ಲೇಟ್ ಶೋ’ ನಿಲ್ಲಿಸುವುದಾಗಿ ಸಿಬಿಎಸ್ 2025ರ ಜುಲೈನಲ್ಲಿ ಸಾರಿತು.

ಹನ್ನೊಂದರ ನಂತರ

ಕನ್ನಡ ವಾಹಿನಿಗಳಲ್ಲಿ ಹನ್ನೊಂದರ ನಂತರದ ಹೊತ್ತು ಬಹುತೇಕ ಮರುಪ್ರಸಾರಕ್ಕೆ, ಸಿನಿಮಾಗಳಿಗೆ, ಕೊಳ್ಳಿರೆಂದು ಕೂಗುವ ಕಾರ್ಯಕ್ರಮಗಳಿಗೆ ಮೀಸಲು. ದೊಡ್ಡವರಿಗೆ ಮಾತ್ರ ತಕ್ಕ ವಸ್ತುವನ್ನು ರಾತ್ರಿ ಹನ್ನೊಂದರಿಂದ ಬೆಳಗಿನ ಐದರೊಳಗೆ ತೋರಿಸಬೇಕೆಂದು ವಾಹಿನಿಗಳ ಸ್ವಯಂ ನಿಯಂತ್ರಣ ನಿಯಮ ಹೇಳುತ್ತದೆ. ಬೇರೆ ದೇಶಗಳಲ್ಲಿ ಗಂಭೀರ ಚರ್ಚೆಗೂ ಕಟುವಾದ ವಿಡಂಬನೆಗೂ ಬಳಕೆಯಾದ ಆ ಹೊತ್ತು ಇಲ್ಲಿ ಖಾಲಿ ಬಿದ್ದಿದೆ. ನೋಡುಗರು ಎಚ್ಚರವಿಲ್ಲ ಎಂಬ ಕಾರಣ ನಿಲ್ಲುವುದಿಲ್ಲ. ಅವರು ಮೊಬೈಲ್ ಹಿಡಿದು ಯೂಟ್ಯೂಬ್‌ನಲ್ಲಿ ಗಂಟೆಗಟ್ಟಲೆಯ ಸಂದರ್ಶನ ನೋಡುತ್ತಿದ್ದಾರೆ. ‘ಕಲಾಮಾಧ್ಯಮ’ದಂಥ ಕನ್ನಡದ ಯೂಟ್ಯೂಬ್ ವಾಹಿನಿಗಳು ಹಳೆಯ ಕಲಾವಿದರನ್ನೂ ಸಾಮಾನ್ಯರನ್ನೂ ಸಾವಕಾಶವಾಗಿ ಮಾತಾಡಿಸಿ ಬೆಳೆದದ್ದು ಟಿವಿ ಬಿಟ್ಟುಕೊಟ್ಟ ಈ ಜಾಗದಲ್ಲೇ.

ಉತ್ತರ ಕರ್ನಾಟಕದ ಮಾತು ಈ ಕಾರ್ಯಕ್ರಮಗಳಲ್ಲಿ ಹೆಚ್ಚಾಗಿ ನಗಿಸುವ ಪಾತ್ರದ ಮಾತಾಗಿ ಬಂದಿದೆ. 2016ರಲ್ಲಿ ಆರಂಭವಾದ ಜೀ ಕನ್ನಡದ ‘ಕಾಮಿಡಿ ಕಿಲಾಡಿಗಳು’ ಈ ಭಾಗದ ಕಲಾವಿದರಿಗೆ ವೇದಿಕೆ ಕೊಟ್ಟದ್ದು ನಿಜ. ಹಾವೇರಿ ಜಿಲ್ಲೆಯ ಹನುಮಂತ ತನ್ನ ಊರಿನ ಮಾತನ್ನು ಬಿಡದೆ 2025ರ ಜನವರಿಯಲ್ಲಿ ‘ಬಿಗ್ ಬಾಸ್’ ಹನ್ನೊಂದನೇ ಆವೃತ್ತಿಯನ್ನು ಗೆದ್ದದ್ದೂ ನಿಜ. ಆದರೆ ಪ್ರಶ್ನೆ ಕೇಳುವ ಕುರ್ಚಿ, ಅಂದರೆ ನಿರೂಪಕನ ಕುರ್ಚಿ, ದೊಡ್ಡ ವಾಹಿನಿಗಳ ಮುಖ್ಯ ಟಾಕ್ ಶೋಗಳಲ್ಲಿ ಈ ಮಾತಿಗೆ ಸಿಕ್ಕಿಲ್ಲ. ಹನ್ನೊಂದರ ನಂತರದ ಒಂದು ಗಂಟೆಯನ್ನು ವಾರಕ್ಕೊಮ್ಮೆಯಾದರೂ ಬೆಳಗಾವಿಯಿಂದಲೋ ಧಾರವಾಡದಿಂದಲೋ, ಅಲ್ಲಿಯ ನಿರೂಪಕರ ಕೈಗೆ ಕೊಟ್ಟು ನಡೆಸಲು ವಾಹಿನಿಗಳು ಮುಂದಾಗಬೇಕು. ಮರುಪ್ರಸಾರ ನಡೆಯುತ್ತಿರುವ ಹೊತ್ತಾದ್ದರಿಂದ ಅವುಗಳಿಗೆ ಕಳೆದುಕೊಳ್ಳಲು ದೊಡ್ಡದೇನೂ ಇಲ್ಲ.